ಥೇ, ಥೀ, ಥೈ: ಒಂದು ಕಾಗುಣಿತ ತಪ್ಪಿದರೆ ಗ್ಯಾಸೇ ಬೇರೆ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಈ ವಾರ ಎರಡು ಸುದ್ದಿಗಳು ಅಕ್ಕಪಕ್ಕ ಬಂದಿವೆ. ಒಂದು ಮಾವು ಮಾಗಿಸುವ ಕೋಣೆಗಳದ್ದು. ಅದರಲ್ಲಿ ‘ಸರ್ಕಾರ ಒಪ್ಪಿದ ಈಥೈನ್ ಅನಿಲ’ ಎಂದಿದೆ. ಇನ್ನೊಂದು ವೆಲ್ಡಿಂಗ್ ಅಂಗಡಿಯೊಂದಕ್ಕೆ ಬಿದ್ದ ಬೆಂಕಿಯದ್ದು. ಅದರಲ್ಲಿ ‘ಎಥಿಲೀನ್ ಸಿಲಿಂಡರ್ ಸ್ಫೋಟ’ ಎಂದಿದೆ. ಎರಡೂ ಅದಲುಬದಲಾಗಿವೆ. ಹಣ್ಣಿನ ಕೋಣೆಗೆ ಬಿಡುವುದು ಈಥೀನ್, ಅಂದರೆ ಎಥಿಲೀನ್. ವೆಲ್ಡಿಂಗ್ ಅಂಗಡಿಯಲ್ಲಿರುವುದು ಈಥೈನ್, ಅಂದರೆ ಅಸಿಟಿಲೀನ್. ಅಚ್ಚಿನ ತಪ್ಪು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಮೊದಲ ಸುದ್ದಿ ಓದಿದವನು, ಹಣ್ಣು ಮಾಗಿಸಲು ನಿಷೇಧವಿರುವ ಕಾರ್ಬೈಡ್ ಕಲ್ಲಿನಿಂದ ಬರುವ ಗ್ಯಾಸಿಗೇ ಸರ್ಕಾರ ಪರವಾನಗಿ ಕೊಟ್ಟಿದೆ ಎಂದುಕೊಂಡಾನು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಕತ್ತರಿಸುವುದಾದರೆ ಲೆಕ್ಕಗಳನ್ನು ಮಾತ್ರ ಉಳಿಸಿಕೊಳ್ಳಿ.

ಎರಡೇ ಇಂಗಾಲ ಇರುವ ಹೈಡ್ರೋಕಾರ್ಬನ್ ಗ್ಯಾಸುಗಳು ಪಠ್ಯದಲ್ಲಿ ಮೂರು ಬರುತ್ತವೆ. ಈಥೇನ್ ಸಿ₂ಎಚ್₆, ಈಥೀನ್ ಸಿ₂ಎಚ್₄, ಈಥೈನ್ ಸಿ₂ಎಚ್₂. ಕನ್ನಡದಲ್ಲಿ ಬರೆದಾಗ ಮೂರಕ್ಕೂ ಇರುವ ವ್ಯತ್ಯಾಸ ಥಕಾರದ ಮೇಲಿನ ಗುರುತು ಮಾತ್ರ: ಏತ್ವದ ದೀರ್ಘ, ಗುಡಿಸಿನ ದೀರ್ಘ, ಐತ್ವ. ಹತ್ತನೇ ತರಗತಿಯ ಮಕ್ಕಳು ಉತ್ತರ ಪತ್ರಿಕೆಯಲ್ಲಿ ಅಂಕ ಕಳೆದುಕೊಳ್ಳುವುದೂ ಇಲ್ಲಿಯೇ. ಅಂಗಡಿಯವರಿಗೆ ಈ ತೊಂದರೆ ಇಲ್ಲ. ಬಳ್ಳಾರಿಯ ಕಟಿಂಗ್ ಅಂಗಡಿಯಲ್ಲಾಗಲಿ ಗಿಣಿಗೇರಿಯ ಶೆಡ್ಡಿನಲ್ಲಾಗಲಿ ಯಾರೂ ಈಥೈನ್ ಅನ್ನುವುದಿಲ್ಲ, ‘ಡಿಎ’ ಅನ್ನುತ್ತಾರೆ. ಡಿಸಾಲ್ವ್ಡ್ ಅಸಿಟಿಲೀನ್, ಅಂದರೆ ಕರಗಿಸಿದ ಅಸಿಟಿಲೀನ್ ಎಂಬುದರ ಮೊಟಕು. ಆ ‘ಡಿ’ ಅಕ್ಷರದಲ್ಲೇ ಅರ್ಧ ಪಾಠವಿದೆ, ಅದು ಮುಂದೆ ಬರುತ್ತದೆ.

ಮೊದಲು ರಚನೆ. ಇಂಗಾಲದ ಪರಮಾಣುವಿಗೆ ನಾಲ್ಕು ಕೈ, ಹೈಡ್ರೋಜನ್ನಿಗೆ ಒಂದು. ಈಥೇನಿನಲ್ಲಿ ಎರಡು ಇಂಗಾಲಗಳು ಒಂದೊಂದು ಕೈ ಹಿಡಿದುಕೊಂಡು ಉಳಿದ ಮೂರು ಮೂರು ಕೈಗಳನ್ನು ಹೈಡ್ರೋಜನ್ನಿಗೆ ಕೊಟ್ಟಿವೆ. ಈಥೀನಿನಲ್ಲಿ ಎರಡೆರಡು ಕೈ ಹಿಡಿದಿವೆ. ಈಥೈನಿನಲ್ಲಿ ಮೂರು ಮೂರು ಕೈ ಹಿಡಿದು, ಒಂದೊಂದೇ ಹೈಡ್ರೋಜನ್ ಇಟ್ಟುಕೊಂಡಿವೆ: ಎಚ್–ಸಿ≡ಸಿ–ಎಚ್. ನಾಲ್ಕೂ ಪರಮಾಣುಗಳು ಓಳಿಗಿಟ್ಟ ಹಾಗೆ ಒಂದೇ ಗೆರೆಯಲ್ಲಿ, ಕೋನ 180 ಡಿಗ್ರಿ. ಕೈ ಹೆಚ್ಚಿದಷ್ಟೂ ಇಂಗಾಲಗಳು ಹತ್ತಿರ ಬರುತ್ತವೆ. ಈಥೇನಿನಲ್ಲಿ ಅಂತರ 154 ಪಿಕೋಮೀಟರ್, ಈಥೀನಿನಲ್ಲಿ 134, ಈಥೈನಿನಲ್ಲಿ 120.

ಮೂರು ಕೈ ಹಿಡಿದರೆ ಹಿಡಿತ ಮೂರು ಪಟ್ಟು ಗಟ್ಟಿ ಎಂದು ಅನ್ನಿಸುತ್ತದೆ. ಹಾಗಿಲ್ಲ, ಮತ್ತು ಈ ಗ್ಯಾಸಿನ ಸಿಟ್ಟೆಲ್ಲ ಹುಟ್ಟುವುದು ಇಲ್ಲಿಂದಲೇ. ಇಂಗಾಲ–ಇಂಗಾಲದ ಏಕಬಂಧ (ಒಂದು ಕೈಯ ಹಿಡಿತ) ಮುರಿಯಲು ಒಂದು ಮೋಲಿಗೆ (ಅಣುಗಳ ಒಂದು ನಿಗದಿತ ಎಣಿಕೆಗೆ) ಸುಮಾರು 348 ಕಿಲೋಜೌಲ್ ಬೇಕು. ದ್ವಿಬಂಧಕ್ಕೆ 614, ತ್ರಿಬಂಧಕ್ಕೆ 839. ಕಳೆದು ನೋಡಿ: ಎರಡನೇ ಕೈಯಿಂದ ಸಿಕ್ಕ ಗಟ್ಟಿತನ 266, ಮೂರನೆಯದರಿಂದ ಬರೀ 225. ಮೂರು ಏಕಬಂಧಗಳ ಲೆಕ್ಕದಲ್ಲಿ 1,044 ಇರಬೇಕಾದ ಕಡೆ 839 ಇದೆ. ಉಳಿದದ್ದು ಎಲ್ಲಿ ಹೋಯಿತು? ಅಣುವಿನೊಳಗೆ ಬಿಗಿದಿಟ್ಟ ಸ್ಪ್ರಿಂಗಿನಂತೆ ಕೂತಿದೆ. ಇಂಗಾಲ ಮತ್ತು ಹೈಡ್ರೋಜನ್ನಿನಿಂದ ಒಂದು ಮೋಲ್ (26 ಗ್ರಾಂ) ಅಸಿಟಿಲೀನ್ ಮಾಡಬೇಕೆಂದರೆ 227 ಕಿಲೋಜೌಲ್ ಒಳಗೆ ತುಂಬಬೇಕು. ತುಂಬಿದ್ದು ಹೊರಗೆ ಬರಲು ಕಾಯುತ್ತಿರುತ್ತದೆ. ಅದಕ್ಕೆ ಗಾಳಿಯೂ ಬೇಡ, ಆಕ್ಸಿಜನ್ನೂ ಬೇಡ. ಮುಚ್ಚಿದ ಕಬ್ಬಿಣದ ಡಬ್ಬಿಯೊಳಗೇ ಈ ಗ್ಯಾಸು ಮಸಿ ಮತ್ತು ಹೈಡ್ರೋಜನ್ ಆಗಿ ಒಡೆದು ಸ್ಫೋಟಿಸಬಲ್ಲದು. ಅಡುಗೆ ಗ್ಯಾಸಿಗೆ ಈ ಗುಣ ಇಲ್ಲ. ಗಾಳಿ ಸಿಗದಿದ್ದರೆ ಎಲ್‌ಪಿಜಿ ಸುಮ್ಮನಿರುತ್ತದೆ.

ಕಾರ್ಬೈಡ್ ಕಲ್ಲಿನ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇವೆ, ಯಾಕೆಂದರೆ ‘ಕಾರ್ಬೈಡ್ ಗ್ಯಾಸ್’ ಎಂಬ ಮಾತು ಪತ್ರಿಕೆಯಲ್ಲೂ ಸಂತೆಯಲ್ಲೂ ಓಡಾಡುತ್ತಿದೆ. ಕಾರ್ಬೈಡ್ ಗ್ಯಾಸಲ್ಲ, ಬೂದುಬಣ್ಣದ ಕಲ್ಲು. ಸುಟ್ಟ ಸುಣ್ಣ ಮತ್ತು ಕೋಕನ್ನು ವಿದ್ಯುತ್ ಕುಲುಮೆಯಲ್ಲಿ 2,000 ಡಿಗ್ರಿಗೂ ಮೇಲೆ ಕಾಯಿಸಿ ಮಾಡುತ್ತಾರೆ. ಹೀಗೆ ಸಗಟಾಗಿ ತಯಾರಿಸುವ ದಾರಿಯನ್ನು 1892ರಲ್ಲಿ ಥಾಮಸ್ ವಿಲ್ಸನ್ ಕಂಡುಕೊಂಡ ಮೇಲೆಯೇ ಅಸಿಟಿಲೀನ್ ಅಂಗಡಿಗೆ ಬಂದದ್ದು. ಗ್ಯಾಸನ್ನು 1836ರಲ್ಲೇ ಎಡ್ಮಂಡ್ ಡೇವಿ ಗುರುತಿಸಿದ್ದರು, ಅಲ್ಲಿಯವರೆಗೆ ಅದು ಪ್ರಯೋಗಶಾಲೆಯ ವಸ್ತು. ಕ್ಯಾಲ್ಸಿಯಂ ಕಾರ್ಬೈಡಿನ ಸ್ವಾರಸ್ಯ ಏನೆಂದರೆ, ಮೂರು ಕೈ ಹಿಡಿದ ಆ ಇಂಗಾಲದ ಜೋಡಿ ಕಲ್ಲಿನೊಳಗೆ ಮೊದಲೇ ಸಿದ್ಧವಾಗಿರುತ್ತದೆ. ನೀರು ಬಿದ್ದಾಗ ಎರಡು ಹೈಡ್ರೋಜನ್ ಸಿಕ್ಕರೆ ಸಾಕು, ಜೋಡಿ ಅಸಿಟಿಲೀನ್ ಆಗಿ ಹಾರುತ್ತದೆ, ಕೆಳಗೆ ಸುಣ್ಣದ ಕೆಸರು ಉಳಿಯುತ್ತದೆ.

ಲೆಕ್ಕ ಸರಳ. 64 ಗ್ರಾಂ ಶುದ್ಧ ಕಾರ್ಬೈಡಿಗೆ 36 ಗ್ರಾಂ ನೀರು ಸೇರಿ 26 ಗ್ರಾಂ ಅಸಿಟಿಲೀನ್, 74 ಗ್ರಾಂ ಸುಣ್ಣ. ಗ್ಯಾಸು ಸಾಧಾರಣ ಬಿಸಿಯಲ್ಲಿ 24 ಲೀಟರ್ ಆಗುತ್ತದೆ. ಹಾಗೆ ಒಂದು ಕೆಜಿಗೆ 375 ಲೀಟರ್ ಬರಬೇಕು. ಮಾರುಕಟ್ಟೆಯ ಕಲ್ಲಿನಲ್ಲಿ ಕಲಬೆರಕೆ ಇರುವುದರಿಂದ 300 ಲೀಟರ್ ಬಂದರೆ ಒಳ್ಳೆಯ ಮಾಲು. ನೀರು ಲೆಕ್ಕದಲ್ಲಿ ಅರ್ಧ ಕೆಜಿಗೂ ಸ್ವಲ್ಪ ಹೆಚ್ಚು ಸಾಕೆಂದು ಕಂಡರೂ, ಕಾರ್ಬೈಡಿನಿಂದ ಗ್ಯಾಸು ಮಾಡುವ ಹಳೇ ಟ್ಯಾಂಕಿಯಲ್ಲಿ ಕೆಜಿಗೆ 8ರಿಂದ 10 ಲೀಟರ್ ಹಾಕಬೇಕು. ಯಾಕೆಂದರೆ ಒಂದು ಕೆಜಿ ಕಾರ್ಬೈಡ್ ನೀರಿಗೆ ಬಿದ್ದರೆ ಹುಟ್ಟುವ ಕಾವು ಸುಮಾರು 2,000 ಕಿಲೋಜೌಲ್. 30 ಡಿಗ್ರಿಯ 6–7 ಲೀಟರ್ ನೀರನ್ನು ಕುದಿಸಲು ಅಷ್ಟು ಸಾಕು. ನೀರು ಕಡಿಮೆಯಾದರೆ ಕಲ್ಲು ಕೆಂಪಗೆ ಕಾದು ಗ್ಯಾಸು ಅಲ್ಲೇ ಒಡೆಯುತ್ತದೆ. ಕೆಸರೆಂದು ಚರಂಡಿಗೆ ಎಸೆದದ್ದರಲ್ಲಿ ಗೆಣಸಿನಷ್ಟು ಗಟ್ಟಿ ಉಂಡೆ ಉಳಿದಿದ್ದರೂ ಅದು ಮುಂದಿನ ಮಳೆಗೆ ಗ್ಯಾಸು ಬಿಡುತ್ತದೆ. ಬೀಡಿ ಹಚ್ಚಿದ ಕಡ್ಡಿ ಚರಂಡಿಗೆ ಬೀಳುವುದಕ್ಕೆ ಏನು ಅಡ್ಡಿ? 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ‘ಕಾರ್ಬೈಡ್ ಗನ್’ ಎಂಬ ಆಟಿಕೆಯಿಂದ ಅನೇಕ ಮಕ್ಕಳ ಕಣ್ಣಿಗೆ ಪೆಟ್ಟಾಗಿದ್ದು ಇದೇ ಕಲ್ಲು, ಇದೇ ಗ್ಯಾಸಿನಿಂದ.

ಇನ್ನು ಸಿಲಿಂಡರ್. ವೆಲ್ಡಿಂಗ್ ಅಂಗಡಿಯ ಸುದ್ದಿ ಬರೆಯುವವರು ಇಷ್ಟಾದರೂ ತಿಳಿದಿರಬೇಕು. ಆಕ್ಸಿಜನ್ ಸಿಲಿಂಡರ್ ಕಪ್ಪು, ಡಿಎ ಸಿಲಿಂಡರ್ ಕಂದುಗೆಂಪು. ಆಕ್ಸಿಜನ್ನಿನದು ಟೊಳ್ಳು ಕೊಳವೆ, ಒಳಗೆ ಸುಮಾರು 150 ಕೆಜಿ ಒತ್ತಡ. (ಚದರ ಸೆಂಟಿಮೀಟರಿಗೆ ಇಷ್ಟು ಎಂಬುದನ್ನು ಅಂಗಡಿಯಲ್ಲಿ ಬರೀ ಕೆಜಿ ಎನ್ನುತ್ತಾರೆ, ನಾವೂ ಹಾಗೇ ಬರೆಯುತ್ತೇವೆ.) ಡಿಎ ಸಿಲಿಂಡರ್ ಟೊಳ್ಳಲ್ಲ. ಅದರ ತುಂಬ ಸುಣ್ಣ–ಸಿಲಿಕಾದ ಸರಂಧ್ರ ದಿಮ್ಮಿ ಇರುತ್ತದೆ, ಹತ್ತರಲ್ಲಿ ಒಂಬತ್ತು ಪಾಲು ಸಣ್ಣ ಸಣ್ಣ ತೂತು. ಆ ತೂತುಗಳು ಅಸಿಟೋನ್ ಹೀರಿಕೊಂಡಿರುತ್ತವೆ. ಅಸಿಟೋನ್ ಎಂದರೆ ಉಗುರುಬಣ್ಣ ಅಳಿಸುವ ದ್ರವ. ಒಂದು ಲೀಟರ್ ಅಸಿಟೋನ್ 15 ಡಿಗ್ರಿಯಲ್ಲಿ, ಸಾಧಾರಣ ಒತ್ತಡದಲ್ಲಿ 25 ಲೀಟರ್ ಅಸಿಟಿಲೀನನ್ನು ಕುಡಿಯುತ್ತದೆ. ಒತ್ತಡ 12 ಪಟ್ಟಾದರೆ 300 ಲೀಟರ್. ಸೋಡಾದಲ್ಲಿ ಗ್ಯಾಸು ಕರಗಿದ ಹಾಗೆ. ಕರಗಿದ ಅಣುಗಳು ಒಂದಕ್ಕೊಂದು ದೂರ ಇರುತ್ತವೆ, ಒಂದು ಒಡೆದರೂ ಪಕ್ಕದ್ದಕ್ಕೆ ಕಾವು ದಾಟುವುದಿಲ್ಲ. ದಾಟಿದರೂ ಸಣ್ಣ ತೂತಿನ ಗೋಡೆ ಆ ಕಾವನ್ನು ನುಂಗುತ್ತದೆ. ಸ್ವೀಡನ್ನಿನ ಗುಸ್ತಾಫ್ ದಲೇನ್ ಇಂಥ ಸರಂಧ್ರ ದಿಮ್ಮಿಯನ್ನು ಪಳಗಿಸಿದವರಲ್ಲಿ ಒಬ್ಬರು. 1912ರಲ್ಲಿ ಅಸಿಟಿಲೀನ್ ಪ್ರಯೋಗದಲ್ಲೇ ಸ್ಫೋಟವಾಗಿ ಕಣ್ಣು ಕಳೆದುಕೊಂಡರು. ದೀಪಸ್ತಂಭಗಳ ಗ್ಯಾಸ್ ನಿಯಂತ್ರಕಗಳಿಗಾಗಿ ಅವರಿಗೆ ನೊಬೆಲ್ ಬಂದದ್ದೂ ಅದೇ ವರ್ಷ.

ಅಂಗಡಿಯ ಕಟ್ಟಳೆಗಳೆಲ್ಲ ಇದರಿಂದಲೇ ಹುಟ್ಟಿವೆ. ಡಿಎ ಸಿಲಿಂಡರನ್ನು ಮಲಗಿಸಬಾರದು ಎನ್ನುವುದು ಯಾಕೆ? ಮಲಗಿಸಿದರೆ ಅಸಿಟೋನ್ ವಾಲ್ವಿನ ಬಾಯಿಗೆ ಬರುತ್ತದೆ, ಗ್ಯಾಸಿನ ಜೊತೆ ಹೊರಗೆ ಹೋಗುತ್ತದೆ. ರೆಗ್ಯುಲೇಟರಿನ ರಬ್ಬರ್ ಕೊಳೆಯುತ್ತದೆ, ಟಾರ್ಚಿನ (ಗ್ಯಾಸು ಉರಿಸಲು ಕೈಯಲ್ಲಿ ಹಿಡಿಯುವ ಸಲಕರಣೆಯ) ಜ್ವಾಲೆ ಬಣ್ಣ ಕೆಟ್ಟು ಉಗುಳತೊಡಗುತ್ತದೆ. ಅದಕ್ಕಿಂತ ಕೆಟ್ಟದ್ದು, ಅಸಿಟೋನ್ ಖಾಲಿಯಾದ ಜಾಗದಲ್ಲಿ ಕರಗದ ಗ್ಯಾಸು ತುಂಬಿಕೊಳ್ಳುತ್ತದೆ. ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಹೊಲದ ತನಕ ಮಲಗಿಸಿಕೊಂಡು ಹೋದದ್ದಾದರೆ, ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಆಮೇಲೆ ಹಚ್ಚಬೇಕು. ರಂಟೆ ಮುರಿದು ರೈತ ತಲೆಯ ಮೇಲೆ ನಿಂತಿದ್ದಾಗ ಇದನ್ನು ಯಾರೂ ಕಾಯುವುದಿಲ್ಲ ಎಂಬುದೂ ಗೊತ್ತು. ಹಾಗಾದರೆ ನಿಲ್ಲಿಸಿ ಕಟ್ಟಿಕೊಂಡೇ ಒಯ್ಯುವುದು ಒಳ್ಳೆಯದು.

ಎರಡನೆಯದು ಎಳೆಯುವ ಪ್ರಮಾಣ. ಗ್ಯಾಸು ಅಸಿಟೋನಿನಿಂದ ಬಿಡಿಸಿಕೊಂಡು ಬರಲು ಹೊತ್ತು ಬೇಕು. ಆದ್ದರಿಂದ ಗಂಟೆಗೆ ಸಿಲಿಂಡರಿನ ಏಳನೇ ಒಂದು ಪಾಲು, ಬಿಡದೆ ನಡೆಯುವ ಕೆಲಸವಾದರೆ ಹತ್ತನೇ ಒಂದು ಪಾಲು ಮೀರಿ ಎಳೆಯಬಾರದು. 7 ಘನ ಮೀಟರ್ ಸಿಲಿಂಡರಿಗೆ ಗಂಟೆಗೆ ಒಂದು ಘನ ಮೀಟರ್. ಸಾಧಾರಣ ಕಟಿಂಗಿಗೆ ಇದು ಬೇಕಾದಷ್ಟಾಯಿತು. ಆದರೆ ಶಾಫ್ಟ್ ನೇರ ಮಾಡಲು, ಬೇರಿಂಗ್ ಬಿಚ್ಚಲು ದೊಡ್ಡ ಹೀಟಿಂಗ್ ನಾಜಲ್ (ಜ್ವಾಲೆ ಹೊರಡುವ ಮೂತಿ) ಹಾಕಿದರೆ ಅದೊಂದೇ ಈ ಮಿತಿ ದಾಟುತ್ತದೆ. ಆಗ ಸಿಲಿಂಡರಿನ ಮೈ ತಣ್ಣಗಾಗಿ, ಒತ್ತಡ ಇಳಿದು, ಅಸಿಟೋನ್ ಮೇಲೆ ಬರುತ್ತದೆ. ಎರಡು ಮೂರು ಸಿಲಿಂಡರುಗಳನ್ನು ಮ್ಯಾನಿಫೋಲ್ಡ್ ಮಾಡಿ, ಅಂದರೆ ಒಂದೇ ಕೊಳವೆಗೆ, ಜೋಡಿಸುವುದು ಇದಕ್ಕೇ. ಗ್ಯಾಸು ಬೇಗ ಮುಗಿಯುತ್ತದೆಂಬ ಕಾರಣಕ್ಕಲ್ಲ.

ಮೂರನೆಯದು ಒತ್ತಡ, ಮತ್ತು ಇದು ಎಲ್ಲಕ್ಕಿಂತ ಮುಖ್ಯ. ಸಿಲಿಂಡರಿನೊಳಗೆ 15 ಕೆಜಿ ಇದ್ದರೂ ಪೈಪಿಗೆ 1 ಕೆಜಿಗಿಂತ ಹೆಚ್ಚು ಬಿಡಬಾರದು. ಪೈಪಿನಲ್ಲಿ ಅಸಿಟೋನೂ ಇಲ್ಲ, ದಿಮ್ಮಿಯೂ ಇಲ್ಲ, ಬರೀ ಗ್ಯಾಸು. ಆ ಮಿತಿಗಿಂತ ಮೇಲೆ ಒಂದು ಕಡೆ ಕಿಡಿ ಹತ್ತಿದರೆ ಗಾಳಿಯಿಲ್ಲದೆಯೂ ಒಡೆತ ಪೈಪಿನುದ್ದ ಓಡುತ್ತದೆ. 12 ಮಿಲಿಮೀಟರ್ ತಗಡು ಕತ್ತರಿಸಲು 1.2 ಮಿಲಿಮೀಟರ್ ನಾಜಲ್, ಆಕ್ಸಿಜನ್ ಸುಮಾರು 2 ಕೆಜಿ, ಅಸಿಟಿಲೀನ್ 0.15ರಿಂದ 0.2 ಕೆಜಿ ಸಾಕು. ‘ಜ್ವಾಲೆ ಬರ್ತಿಲ್ಲ, ಇನ್ನೂ ತಿರುವು’ ಎಂದು ಡಿಎ ರೆಗ್ಯುಲೇಟರಿನ ಒತ್ತಡ ತೋರಿಸುವ ಗೇಜು ಕೆಂಪು ಗುರುತು ದಾಟಿಸುವವರು ನಾಜಲ್ ತೂತು ಕಟ್ಟಿದೆಯೇ ಎಂದು ಮೊದಲು ನೋಡಬೇಕು. ಹತ್ತರಲ್ಲಿ ಒಂಬತ್ತು ಸಲ ತೊಂದರೆ ಅಲ್ಲೇ ಇರುತ್ತದೆ. ವಾಲ್ವನ್ನು ಒಂದು ಸುತ್ತು, ಹೆಚ್ಚೆಂದರೆ ಒಂದೂವರೆ ಸುತ್ತು ತೆರೆಯಬೇಕು. ಬೀಗದ ಕೈಯಂಥ ಕೀಲಿಯನ್ನು ಅಲ್ಲೇ ಬಿಡಬೇಕು, ಜೇಬಿಗೆ ಹಾಕಿಕೊಂಡು ಚಹಾಕ್ಕೆ ಹೋಗಬಾರದು.

ಬಳ್ಳಾರಿ–ರಾಯಚೂರಿನ ಬೇಸಿಗೆಗೆ ಸಂಬಂಧಿಸಿದ ಒಂದು ಮಾತು. ಏಪ್ರಿಲ್–ಮೇನಲ್ಲಿ ನೆರಳಲ್ಲೇ 40 ದಾಟುವಾಗ ಅಸಿಟೋನ್ ಗ್ಯಾಸನ್ನು ಕಡಿಮೆ ಹಿಡಿದುಕೊಳ್ಳುತ್ತದೆ. ಗೇಜು ಮೇಲೆ ತೋರಿಸುತ್ತದೆ. ‘ಫುಲ್ ಐತಿ’ ಎಂದುಕೊಂಡು ಕೊಂಡವನಿಗೆ ಮೋಸ. ಚಳಿಗಾಲದ ಬೆಳಿಗ್ಗೆ ತುಂಬಿದ ಸಿಲಿಂಡರೇ ಅರ್ಧ ಎಂದು ತೋರಿಸೀತು. ಡಿಎ ಎಷ್ಟಿದೆ ಎಂದು ಗೇಜು ಹೇಳುವುದಿಲ್ಲ, ತಕ್ಕಡಿ ಹೇಳುತ್ತದೆ. ಸಿಲಿಂಡರಿನ ಹೆಗಲ ಮೇಲೆ ಖಾಲಿ ತೂಕ ಕೊರೆದಿರುತ್ತಾರೆ. ಈಗಿನ ತೂಕದಲ್ಲಿ ಅದನ್ನು ಕಳೆದು 1.1ರಿಂದ ಭಾಗಿಸಿದರೆ ಘನ ಮೀಟರ್ ಬರುತ್ತದೆ. 5.5 ಕೆಜಿ ಹೆಚ್ಚಿದ್ದರೆ 5 ಘನ ಮೀಟರ್ ಗ್ಯಾಸು. ಭತ್ತದ ಮೂಟೆ ತೂಗುವ ಯಾವುದೇ ಕಾಟಾ ಸಾಕು, ಗಂಗಾವತಿಯಲ್ಲಿ ಅದಕ್ಕೇನು ಬರವಿಲ್ಲ. ಕಂಪನಿ ಅಸಿಟೋನ್ ಸರಿಯಾಗಿ ಮರುತುಂಬಿದೆಯೇ ಎಂಬ ಅನುಮಾನವೂ ತಕ್ಕಡಿಯಿಂದಲೇ ತಿಳಿಯುವುದು: ಖಾಲಿಯಾಗಿ ಮರಳಿಸುವಾಗ ತೂಕ ಕೊರೆದದ್ದಕ್ಕಿಂತ ಕೆಳಗಿದ್ದರೆ ಅಸಿಟೋನ್ ಸೋರಿದೆ.

ತಾಮ್ರದ ಮಾತಿಗೆ ಬರೋಣ. ತ್ರಿಬಂಧದ ಇಂಗಾಲಕ್ಕೆ ಅಂಟಿಕೊಂಡ ಹೈಡ್ರೋಜನ್ ಸಡಿಲ, ಲೋಹ ಸಿಕ್ಕರೆ ಜಾಗ ಬಿಟ್ಟುಕೊಡುತ್ತದೆ. ತಾಮ್ರ ಅಲ್ಲಿ ಕೂತರೆ ತಾಮ್ರದ ಅಸಿಟಿಲೈಡ್ ಆಗುತ್ತದೆ. ಕೆಂಗಂದು ಪುಡಿ, ಒಣಗಿದ ಮೇಲೆ ಬಡಿದರೂ ಉಜ್ಜಿದರೂ ಸಿಡಿಯುತ್ತದೆ. ಬೆಳ್ಳಿಯೂ ಹಾಗೇ. ಡಿಎ ಲೈನಿನಲ್ಲಿ ಹಿತ್ತಾಳೆ ನಡೆಯುತ್ತದೆ, ಅದರಲ್ಲೂ ತಾಮ್ರ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚಿರಬಾರದು. ಎಲ್ಲಿ ತಪ್ಪಾಗುತ್ತದೆ ಎಂದರೆ, ಡಿಎಯ ಕೆಂಪು ಪೈಪು ನಡುವೆ ತೂತಾದಾಗ. ಅಲ್ಲಿ ಕತ್ತರಿಸಿ, ಫ್ರಿಜ್ ಮೆಕ್ಯಾನಿಕ್ ಹತ್ತಿರ ಅರ್ಧ ಗೇಣು ತಾಮ್ರದ ಕೊಳವೆ ತಂದು ಎರಡೂ ತುದಿಗೆ ತುರುಕಿ, ಬೈಂಡಿಂಗ್ ತಂತಿ ಬಿಗಿದು, ಅದೇ ಸಂಜೆ ಕೆಲಸ ಶುರು. ಮೊದಲ ದಿನ ಏನೂ ಆಗುವುದಿಲ್ಲ, ಮೊದಲ ತಿಂಗಳೂ ಆಗದಿರಬಹುದು. ಒಳಗೆ ಪೊರೆ ಕಟ್ಟುತ್ತಾ ಹೋಗುತ್ತದೆ. ಒಂದು ದಿನ ಪೈಪು ನೆಲಕ್ಕೆ ಬಿದ್ದ ಪೆಟ್ಟೇ ಸಾಕು. ಹಿತ್ತಾಳೆಯ ಜಾಯಿಂಟರ್ ಮತ್ತು ಎರಡು ಕ್ಲಿಪ್ಪಿಗೆ ಆಗುವ ಖರ್ಚು ಆ ತಾಮ್ರದ ತುಂಡಿಗಿಂತ ಬಹಳ ಹೆಚ್ಚಲ್ಲ.

ಇಷ್ಟು ಸಿಟ್ಟಿನ ಗ್ಯಾಸನ್ನು ಯಾಕೆ ಕಟ್ಟಿಕೊಳ್ಳಬೇಕು, ಈಥೇನ್ ಸುಟ್ಟರೆ ಆಗದೇ? ಒಂದು ಮೋಲ್ ಈಥೇನ್ ಸುಟ್ಟರೆ 1,560 ಕಿಲೋಜೌಲ್, ಅಸಿಟಿಲೀನ್ ಸುಟ್ಟರೆ 1,300. ಕಾವು ಈಥೇನಿನದೇ ಹೆಚ್ಚು! ಆದರೆ ಆ ಕಾವನ್ನು ಹಂಚಿಕೊಳ್ಳುವ ಬಾಯಿಗಳನ್ನು ಎಣಿಸಬೇಕು. ಈಥೇನ್ ಸುಟ್ಟರೆ ಎರಡು ಇಂಗಾಲದ ಡೈಆಕ್ಸೈಡ್, ಮೂರು ನೀರು, ಒಟ್ಟು ಐದು ಅಣು. ತಲೆಗೆ 312. ಅಸಿಟಿಲೀನ್ ಸುಟ್ಟರೆ ಎರಡು ಡೈಆಕ್ಸೈಡ್, ಒಂದೇ ನೀರು. ಮೂರು ಅಣು, ತಲೆಗೆ 433. ಜ್ವಾಲೆ 3,100 ಡಿಗ್ರಿ ದಾಟುವುದರ ಗುಟ್ಟು ಇಷ್ಟೇ. ಗಾಳಿಯಲ್ಲಿ ಸುಟ್ಟರೆ ಐದರಲ್ಲಿ ನಾಲ್ಕು ಪಾಲು ನೈಟ್ರೋಜನ್ ಬಿಟ್ಟಿ ಊಟಕ್ಕೆ ಕೂತು 2,500ರ ಆಚೆ ಏರಗೊಡುವುದಿಲ್ಲ, ಮೇಲೆ ಮಸಿ ಬೇರೆ. ‘ಬೆಸುಗೆಗೆ ಈಥೈನ್ ಜೊತೆ ಗಾಳಿಯ ಬದಲು ಆಕ್ಸಿಜನ್ ಯಾಕೆ’ ಎಂಬ ಹತ್ತನೇ ತರಗತಿಯ ಪ್ರಶ್ನೆಗೆ ಮಕ್ಕಳು ಬರೆಯಬೇಕಾದ ಉತ್ತರವೂ ಇದೇ.

ಎಲ್‌ಪಿಜಿಯಿಂದ ಕತ್ತರಿಸುವವರು ಈಗ ಹೆಚ್ಚಾಗಿದ್ದಾರೆ, ಡಿಎಗಿಂತ ಅಗ್ಗ. ಕಟಿಂಗಿಗೆ ನಡೆಯುತ್ತದೆ, ಯಾಕೆಂದರೆ ಅಲ್ಲಿ ಕಬ್ಬಿಣವನ್ನು ಸುಡುವುದು ಆಕ್ಸಿಜನ್, ಗ್ಯಾಸು ಬರೀ ಕೆಂಪಗೆ ಕಾಯಿಸಿಕೊಡಬೇಕು. ಕಾಯಲು ಸ್ವಲ್ಪ ಹೊತ್ತು ಹೆಚ್ಚು ಬೇಕು, ಆಕ್ಸಿಜನ್ ಖರ್ಚೂ ಹೆಚ್ಚು. ಉಕ್ಕಿನ ಗ್ಯಾಸ್ ವೆಲ್ಡಿಂಗಿಗೆ ಮಾತ್ರ ಆಗುವುದಿಲ್ಲ, 2,800 ಡಿಗ್ರಿಯ ಚದುರಿದ ಜ್ವಾಲೆ ಸಾಲದು. ನಾಜಲ್ ಬೇರೆ, ಪೈಪೂ ಎಲ್‌ಪಿಜಿಗೆಂದೇ ಮಾಡಿದ್ದು ಬೇಕು, ಡಿಎ ಪೈಪನ್ನು ಎಲ್‌ಪಿಜಿ ತಿನ್ನುತ್ತದೆ. ಸೋರಿದಾಗಲೂ ಎರಡರ ನಡತೆ ಬೇರೆ. ಎಲ್‌ಪಿಜಿ ಗಾಳಿಗಿಂತ ಭಾರ, ಗುಂಡಿಯಲ್ಲಿ ಇಳಿದು ಕೂಡುತ್ತದೆ. ಅಸಿಟಿಲೀನ್ ಗಾಳಿಗಿಂತ ತುಸು ಹಗುರ, ತಗಡಿನ ಮಾಡಿನ ಕೆಳಗೆ ಸೇರುತ್ತದೆ. ಎಲ್‌ಪಿಜಿ ಗಾಳಿಯಲ್ಲಿ 2ರಿಂದ 9.5 ಶೇಕಡ ಇದ್ದಾಗ ಮಾತ್ರ ಹತ್ತಿಕೊಳ್ಳುತ್ತದೆ. ಅಸಿಟಿಲೀನ್ 2.5ರಿಂದ 80ರ ತನಕ ಎಷ್ಟಿದ್ದರೂ ಸರಿ. ಹತ್ತಿಸಲು ಬೇಕಾದ ಕಿಡಿಯೂ ಹತ್ತು ಪಟ್ಟಿಗಿಂತ ಸಣ್ಣದು, ಪಾಲಿಸ್ಟರ್ ಅಂಗಿ ಕಳಚುವಾಗ ಚಟಪಟ ಅನ್ನುವಷ್ಟು ಸಾಕು. ಬೆಳ್ಳುಳ್ಳಿ ವಾಸನೆ ಬಂದರೆ ಅದೇ ಗ್ಯಾಸು ಎಂದು ತಿಳಿಯಬೇಕು. ಶುದ್ಧ ಅಸಿಟಿಲೀನಿಗೆ ಆ ವಾಸನೆ ಇಲ್ಲ, ಕಾರ್ಬೈಡಿನ ಕಲಬೆರಕೆಯಿಂದ ಬರುವ ಫಾಸ್ಫೀನ್ ಅದು.

ಜ್ವಾಲೆ ಹಿಂದಕ್ಕೆ ಓಡುವುದು, ಅಂಗಡಿಯ ಮಾತಿನಲ್ಲಿ ಫ್ಲ್ಯಾಶ್‌ಬ್ಯಾಕ್, ಸಾಮಾನ್ಯವಾಗಿ ಆಗುವುದು ಆಕ್ಸಿಜನ್ ಡಿಎ ಪೈಪಿನೊಳಗೆ ನುಗ್ಗಿದ್ದಾಗ. ಡಿಎ ಮುಗಿಯುತ್ತ ಬಂದಿದೆ, ಅಥವಾ ನಾಜಲ್ ಕೆಸರಿನಂಥ ಕರಗಿದ ಕಬ್ಬಿಣಕ್ಕೆ ತಾಗಿ ಕಟ್ಟಿದೆ, ಒತ್ತಡ ಹೆಚ್ಚಿರುವ ಆಕ್ಸಿಜನ್ ಪಕ್ಕದ ದಾರಿ ಹಿಡಿಯುತ್ತದೆ. ಟಾರ್ಚಿನಲ್ಲಿ ‘ಪಟ್’ ಎಂದು ಒಂದು ಸಲ ಆರಿದರೆ ನಾಜಲ್ ತಣಿಸಿ ಒರೆಸಿ ಮತ್ತೆ ಹಚ್ಚಬಹುದು. ‘ಸುಂಯ್’ ಎಂದು ಶಿಳ್ಳೆ ಹಾಕುತ್ತಾ ಹಿಡಿಕೆ ಬಿಸಿಯಾದರೆ ಬೆಂಕಿ ಒಳಗೆ ಹೋಗಿದೆ ಎಂದೇ ಅರ್ಥ. ಟಾರ್ಚಿನ ಆಕ್ಸಿಜನ್ ಮೊದಲು, ಕೂಡಲೇ ಡಿಎ, ಆಮೇಲೆ ಎರಡೂ ಸಿಲಿಂಡರಿನ ವಾಲ್ವ್ ಬಂದ್ ಮಾಡಬೇಕು. ಟಾರ್ಚಿನ ಬುಡಕ್ಕೆ ಹಿಮ್ಮುಖ ತಡೆಯುವ ವಾಲ್ವ್, ರೆಗ್ಯುಲೇಟರಿಗೆ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್, ಎರಡೂ ಬೇಕು. ಅರೆಸ್ಟರಿನ ಒಳಗೆ ಬೆಂಕಿ ಆರಿಸುವ ಸಿಂಟರ್ಡ್ (ಲೋಹದ ಪುಡಿ ಒತ್ತಿ ಕಾಯಿಸಿ ಮಾಡಿದ) ಬಿಲ್ಲೆ ಇದೆ, ಗ್ಯಾಸು ಕಡಿಮೆ ಬರುತ್ತದೆಂದು ಅದನ್ನು ಕಿತ್ತು ಬರೀ ಕವಚ ಹಾಕಿಕೊಂಡವರೂ ಇದ್ದಾರೆ.

ಫ್ಲ್ಯಾಶ್‌ಬ್ಯಾಕ್ ಆದ ಮೇಲೆ ಡಿಎ ಸಿಲಿಂಡರಿನ ಮೈಯನ್ನು ಅಂಗೈಯಿಂದ ಮುಟ್ಟಿ ನೋಡಬೇಕು. ವಾಲ್ವ್ ಮುಚ್ಚಿದ್ದರೂ ಬಿಸಿ ಏರುತ್ತಿದ್ದರೆ ಒಳಗೆ ಒಡೆತ ನಡೆದಿದೆ. ಹೊರಗೆ ಬೆಂಕಿ ಕಾಣುವುದಿಲ್ಲ, ಅದೇ ಮೋಸ. ಅದನ್ನು ಉರುಳಿಸಿ ಹೊರಗೆ ಒಯ್ಯುವ ಸಾಹಸ ಬೇಡ. ಎಲ್ಲರೂ ದೂರ ಸರಿದು ಅಗ್ನಿಶಾಮಕಕ್ಕೆ ಹೇಳಿ, ಗೋಡೆಯ ಮರೆಯಿಂದ ನೀರು ಹೊಡೆಯಬೇಕು. ನೀರು ನಿಲ್ಲಿಸಿದಾಗ ಒದ್ದೆ ಮೈ ಹಬೆಯಾಡಿ ತಟ್ಟನೆ ಒಣಗಿದರೆ ಇನ್ನೂ ಬಿಸಿ ಇದೆ. ಒದ್ದೆಯಾಗಿಯೇ ಉಳಿದರೆ ತಣಿದಿದೆ. ಹಾಗಿದ್ದರೂ ಮತ್ತೆ ಕಾಯುತ್ತದೆಯೇ ಎಂದು ದೂರದಿಂದ ನಿಗಾ ಇಟ್ಟಿರಬೇಕು. ನಿಮ್ಮ ವರದಿಯಲ್ಲಿ ‘ಬೆಂಕಿ ಆರಿದ ಅರ್ಧ ಗಂಟೆಯ ನಂತರ ಸಿಲಿಂಡರ್ ಸಿಡಿಯಿತು’ ಎಂಬುದನ್ನು ನಿಗೂಢ ಎಂದು ಬರೆದಿದ್ದೀರಿ. ಅಸಿಟಿಲೀನಿಗೆ ಅದು ಹೊಸದಲ್ಲ.

ಮಾವಿನ ವಿಚಾರ ಚಿಕ್ಕದಾಗಿ. ಕಾಯಿ ಹಣ್ಣಾಗುವಾಗ ತಾನೇ ಈಥೀನ್ ಬಿಡುತ್ತದೆ. ಅಕ್ಕಿ ಡಬ್ಬಿಯಲ್ಲಿ, ಹುಲ್ಲಿನಲ್ಲಿ ಮುಚ್ಚಿಡುವುದು ಆ ಗ್ಯಾಸು ಹೊರಗೆ ಹೋಗದಿರಲಿ ಎಂದೇ. ಅಸಿಟಿಲೀನ್ ರಚನೆಯಲ್ಲಿ ಈಥೀನಿನ ತಮ್ಮನಂತಿರುವುದರಿಂದ ಕಾಯಿ ಮೋಸಹೋಗುತ್ತದೆ, ಆದರೆ ಅದೇ ಕೆಲಸಕ್ಕೆ ಬಹಳ ಪಟ್ಟು ಹೆಚ್ಚು ಗ್ಯಾಸು ಬೇಕು. ಸಿಪ್ಪೆ ಹಳದಿ, ಒಳಗೆ ಹುಳಿ. ಜೊತೆಗೆ ಕಲ್ಲಿನ ಕಲಬೆರಕೆಯಿಂದ ಫಾಸ್ಫೀನ್, ಆರ್ಸೀನ್ ಬರುತ್ತವೆ, ಎರಡೂ ವಿಷ. ಪೊಟ್ಟಣದ 10 ಗ್ರಾಂ ಕಾರ್ಬೈಡ್ ಪೂರ್ತಿ ಒದ್ದೆಯಾದರೆ 3 ಲೀಟರ್ ಗ್ಯಾಸು. ಗಾಳಿಯಾಡದ 40 ಲೀಟರಿನ ಪೆಟ್ಟಿಗೆಯಲ್ಲಿ ಅದು ಶೇಕಡ 7.5, ಅಂದರೆ ಹತ್ತಿಕೊಳ್ಳುವ ಮಿತಿಯ ಮೂರು ಪಟ್ಟು. 2011ರ ಆಹಾರ ಸುರಕ್ಷತೆಯ ನಿಯಮಗಳು ಇಂಥ ಹಣ್ಣಿನ ಮಾರಾಟವನ್ನು ನಿಷೇಧಿಸಿವೆ.

ಒಪ್ಪಿಗೆ ಸಿಕ್ಕಿರುವುದು ಈಥೀನಿಗೆ, 2016ರಿಂದ, ಹತ್ತು ಲಕ್ಷಕ್ಕೆ 100 ಪಾಲಿನ ತನಕ. ಕೊಪ್ಪಳದ ಕೇಸರ್ ಮಾಗಿಸುವ ಕೋಣೆ 4 ಮೀಟರ್ ಉದ್ದ, 4 ಅಗಲ, 3 ಎತ್ತರ ಇದ್ದರೆ 48 ಘನ ಮೀಟರ್. ಅದಕ್ಕೆ ಬೇಕಾದ ಈಥೀನ್ ಐದು ಲೀಟರಿಗೂ ಕಡಿಮೆ, ಸರಿಯಾಗಿ 4.8. ಬೆಂಕಿ ಹತ್ತುವ ಮಿತಿ ಶೇಕಡ 2.7, ಇದು ಅದರ 270ನೇ ಒಂದು ಪಾಲು. 20ರಿಂದ 22 ಡಿಗ್ರಿ, ತೇವ 90ರ ಮೇಲೆ, ಸುಮಾರು 24 ಗಂಟೆ. ಕೆಟ್ಟುಹೋಗುವುದು ಗ್ಯಾಸಿನಿಂದಲ್ಲ, ಬಾಗಿಲು ತೆರೆಯದಿರುವುದರಿಂದ. ಕಾಯಿಗಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಶೇಕಡ 1 ದಾಟಿದರೆ ಈಥೀನ್ ಇದ್ದೂ ಕೆಲಸ ಮಾಡುವುದಿಲ್ಲ, ಆಗಾಗ ಗಾಳಿ ಬದಲಿಸಬೇಕು. ಕೋಣೆ ಕಟ್ಟಿಸಿಯೂ ಹಣ್ಣು ಸರಿಯಾಗಿ ಬಣ್ಣ ಬರಲಿಲ್ಲ ಎನ್ನುವ ವ್ಯಾಪಾರಿಗಳು ಇದನ್ನೊಮ್ಮೆ ನೋಡಲಿ.

ತಿದ್ದುಪಡಿ ಹಾಕುವುದಾದರೆ ಜಾಗ ಬಹಳ ಬೇಡ. ಮಾವಿನ ಸುದ್ದಿಯಲ್ಲಿ ‘ಈಥೈನ್’ ಎಂದಿದ್ದ ಕಡೆ ‘ಈಥೀನ್’ ಎಂದೂ, ಬೆಂಕಿಯ ಸುದ್ದಿಯಲ್ಲಿ ‘ಎಥಿಲೀನ್’ ಎಂದಿದ್ದ ಕಡೆ ‘ಅಸಿಟಿಲೀನ್’ ಎಂದೂ ಓದಿಕೊಳ್ಳಬೇಕು ಎಂದು ಒಂದು ಸಾಲು, ಮಾವಿನ ಹಂಗಾಮು ಮುಗಿಯುವುದರೊಳಗೆ.

ಇಂತಿ,
ಒಬ್ಬ ರಸಾಯನಶಾಸ್ತ್ರ ಉಪನ್ಯಾಸಕ, ಒಬ್ಬ ವೆಲ್ಡರ್ ತರಬೇತಿ ಬೋಧಕ
ಕೊಪ್ಪಳ